ಡಯಾಲೈಸರ್ ತೊಳೆಯುವ ಕೋಣೆಯಲ್ಲಿ

ಬೆಂಗಳೂರಿನ ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೊಕ್ಕರೆ ಎರಡೂ ಬದಿಗೆ ಹಾಸಿಗೆ, ಪಕ್ಕದಲ್ಲಿ ಯಂತ್ರ. ಯಂತ್ರಕ್ಕೆ ಸಿಕ್ಕಿಸಿರುವ, ಗೇಣಿಗಿಂತ ತುಸು ಉದ್ದದ ಪಾರದರ್ಶಕ ಕೊಳವೆಯೇ ಡಯಾಲೈಸರ್. ಅದರೊಳಗೆ ಸಾವಿರಾರು ಟೊಳ್ಳು ಎಳೆಗಳು. ಎಳೆಯ ಒಳಗೆ ರಕ್ತ, ಹೊರಗೆ ಡಯಾಲಿಸೇಟ್ ಎಂಬ ದ್ರಾವಣ. ನಿಮಿಷಕ್ಕೆ 500 ಮಿಲಿಲೀಟರಿನ ಲೆಕ್ಕದಲ್ಲಿ ನಾಲ್ಕು ಗಂಟೆಗೆ 120 ಲೀಟರ್ ದ್ರಾವಣ ಹರಿದುಹೋಗುತ್ತದೆ.

ಈ ಕೊಳವೆಯನ್ನು ಒಮ್ಮೆ ಬಳಸಿ ಬಿಸಾಡಬೇಕೋ, ತೊಳೆದು ಮತ್ತೆ ಹಾಕಬೇಕೋ? ವಾರಕ್ಕೆ ಎರಡು ಮೂರು ಸಲ ಬರುವವರ ಮನೆಯಲ್ಲಿ ಇದು ಖರ್ಚಿನ ಪ್ರಶ್ನೆ. ಇಲ್ಲಿ ಎರಡೂ ಪದ್ಧತಿಗಳಿವೆ.

ಹಿಂಬದಿಯ ತೊಳೆಯುವ ಕೋಣೆಗೆ ಕಾಲಿಟ್ಟೊಡನೆ ವಿನೆಗರ್‌ನಂಥ ಹುಳಿ ವಾಸನೆ. ಅದು ಪೆರಾಸಿಟಿಕ್ ಆಮ್ಲದ್ದು. ಬಳಸಿದ ಡಯಾಲೈಸರನ್ನು ಆರ್‌ಓ ನೀರಿನಲ್ಲಿ ತೊಳೆದು, ಎಳೆಗಳು ಎಷ್ಟು ದ್ರವ ಹಿಡಿಯುತ್ತವೆಂದು ನೋಡುತ್ತಾರೆ. "ಬರೀ ತೊಳೆದ್ರೆ ಸಾಲದು ಸಾರ್, ಅಳೀಬೇಕು" ಎಂದರು ಟೆಕ್ನಿಷಿಯನ್. ಹೊಸದರಲ್ಲಿ 100 ಮಿಲಿಲೀಟರ್ ಹಿಡಿಯುತ್ತಿದ್ದದ್ದು 80ಕ್ಕಿಂತ ಕೆಳಗಿಳಿದರೆ ಅದರ ಆಯುಸ್ಸು ಮುಗಿಯಿತು. ಪಾಸಾದದ್ದಕ್ಕೆ ಆಮ್ಲದ ದ್ರಾವಣ ತುಂಬಿ ಕಪಾಟಿಗೆ ಸೇರಿಸುತ್ತಾರೆ. ಪ್ರತಿಯೊಂದರ ಮೇಲೂ ರೋಗಿಯ ಹೆಸರು, ಎಷ್ಟನೇ ಬಳಕೆ ಎಂಬ ಬರಹ. ಒಂದೇ ಹೆಸರಿನವರು ಇಬ್ಬರಿದ್ದರೆ ಎಚ್ಚರಿಕೆಯ ಚೀಟಿ ಬೇರೆ. ಒಬ್ಬರದ್ದು ಇನ್ನೊಬ್ಬರಿಗೆ ಹಾಕುವಂತೆಯೇ ಇಲ್ಲ. ಮತ್ತೆ ಜೋಡಿಸುವ ಮುನ್ನ ಆಮ್ಲವನ್ನು ಪೂರ್ತಿ ತೊಳೆದು, ಅದರ ಅಂಶ ಉಳಿದಿಲ್ಲವೆಂದು ಪರೀಕ್ಷಾ ಪಟ್ಟಿ ಅದ್ದಿ ಖಚಿತಪಡಿಸಿಕೊಳ್ಳಬೇಕು.

ಪಕ್ಕದ ಪ್ರತ್ಯೇಕ ಕೋಣೆ ಹೆಪಟೈಟಿಸ್ ಬಿ ಸೋಂಕಿತರಿಗೆ. ಯಂತ್ರವೂ ಬೇರೆ. ಇಲ್ಲಿ ಮರುಬಳಕೆಯ ಮಾತೇ ಇಲ್ಲ. ಡಯಾಲೈಸರ್ ಒಂದೇ ಸಲಕ್ಕೆ.

ಸಿಸ್ಟರ್ ನಾಣ್ಯದಷ್ಟಗಲದ ಬಿಳಿ ಬಿಲ್ಲೆಯೊಂದನ್ನು ತೋರಿಸಿದರು. ಒತ್ತಡ ಅಳೆಯುವ ಟ್ಯೂಬು ಯಂತ್ರಕ್ಕೆ ಸೇರುವಲ್ಲಿ ಕೂರುವ ಫಿಲ್ಟರ್ ಇದು. ಗಾಳಿಯನ್ನು ಬಿಡುತ್ತದೆ, ರಕ್ತವನ್ನು ತಡೆಯುತ್ತದೆ. ರಕ್ತ ಇದನ್ನೂ ದಾಟಿದರೆ ಸೇರುವುದು ಯಂತ್ರದ ಒಳಭಾಗಕ್ಕೆ. ಹೊರಗೆ ಎಷ್ಟು ಒರೆಸಿದರೂ ಅಲ್ಲಿಗೆ ಬಟ್ಟೆ ಮುಟ್ಟದು. ಆದ್ದರಿಂದ ಪ್ರತಿ ರೋಗಿಗೂ ಹೊಸದು, ನಡುವೆ ಒದ್ದೆಯಾದರೆ ಆಗಲೇ ಇನ್ನೊಂದು.

ಮೂಲೆಯಲ್ಲಿ ಕಸದ ಡಬ್ಬಿಗಳು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಟ್ಯೂಬುಗಳು ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಏಕಬಳಕೆ ಹೆಚ್ಚಿದಷ್ಟೂ ಈ ಡಬ್ಬಿಗಳು ಬೇಗ ತುಂಬುತ್ತವೆ.

ಏಕಬಳಕೆಯಿಂದ ತೊಳೆಯುವ, ಅಳೆಯುವ, ಹೆಸರು ಅಂಟಿಸುವ ಕೆಲಸಗಳೂ ಅಲ್ಲಿ ಆಗಬಹುದಾದ ತಪ್ಪುಗಳೂ ಒಟ್ಟಿಗೆ ಹೋಗುತ್ತವೆ. ಅದು ದೊಡ್ಡ ಲಾಭವೇ. ಆದರೆ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಕೈ, ಹಲವರಿಗೆ ಬಳಸುವ ಹೆಪಾರಿನ್ ಬಾಟಲಿ ಹಾಗೆಯೇ ಉಳಿಯುತ್ತವೆ. ಹೆಪಟೈಟಿಸ್ ಸಿ ಆ ದಾರಿಯಲ್ಲೂ ಹರಡಬಲ್ಲದು. ಹೀಗಾಗಿ ರೋಗಿಯ ಜೊತೆಗೆ ಬಂದವರು "ಡಯಾಲೈಸರ್ ಹೊಸದಾ?" ಎಂದು ಕೇಳಿ ಸುಮ್ಮನಾಗಬಾರದು. ಹಳೆಯದಾದರೆ ಅದರ ಮೇಲಿನ ಹೆಸರು ಓದಲಿ; ಹೊಸದಾದರೂ ಸರಿ, ಗ್ಲೌಸ್ ಬದಲಾಯಿತೇ ಎಂದು ನೋಡಲಿ.