ಪಕ್ಕದ ನೋಟಕ್ಕೆ ಮರಳಿದ ಪರ್ಷಿಯಾ

ಬಿಳಿ ಉಡುಪಿನ ಪುಟ್ಟ ಮನುಷ್ಯನೊಬ್ಬ ಗಣಕದ ಪರದೆಯ ಮೇಲೆ ಓಡುತ್ತ, ಕಂದಕ ಹಾರಿ, ಗೋಡೆಯಂಚಿಗೆ ಜೋತುಬೀಳುತ್ತಿದ್ದುದು ನೆನಪಿದೆಯೇ? 1989ರಲ್ಲಿ ಅಮೆರಿಕದ ಜೋರ್ಡನ್ ಮೆಕ್ನರ್ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವದು. ರಾಜಕುಮಾರಿಯನ್ನು ಬಿಡಿಸಲು ಇದ್ದ ಗಡುವು 60 ನಿಮಿಷ.

ಮೆಕ್ನರ್ ತಮ್ಮ ಸೋದರ ಡೇವಿಡ್ ಓಡುವುದನ್ನು, ಜಿಗಿಯುವುದನ್ನು ವಿಡಿಯೊದಲ್ಲಿ ಸೆರೆಹಿಡಿದು, ಒಂದೊಂದೇ ಭಂಗಿ ನೋಡಿ ಚಿತ್ರ ಬರೆದರು. ಹಾಗಾಗಿ ರಾಜಕುಮಾರನಿಗೆ ಮೈಭಾರವಿತ್ತು. ಓಡುತ್ತಿದ್ದವನು ತಟ್ಟನೆ ನಿಲ್ಲಲಾರ. ಯಂತ್ರದ ಸ್ಮರಣೆಯಲ್ಲಿ ಹೊಸ ಶತ್ರುವಿಗೆ ಜಾಗವಿರಲಿಲ್ಲ. ನಾಯಕನ ಚಿತ್ರವನ್ನೇ ಮಾರ್ಪಡಿಸಿ ‘ನೆರಳು ಮನುಷ್ಯ’ನನ್ನು ಹುಟ್ಟಿಸಿದರು. ಬಡತನ ಕಲಿಸಿದ ಜಾಣ್ಮೆ!

ಮುಂದೆ ಸರಣಿ ಮೂರು ಆಯಾಮಕ್ಕೆ ಹೊರಳಿತು. 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಹೆಸರನ್ನೂ ಗಳಿಸಿತು. ಪಕ್ಕದಿಂದ ಕಾಣುವ ಹಳೆಯ ಓಟಕ್ಕೆ ಯೂಬಿಸಾಫ್ಟ್ ಕಂಪನಿಯ ಮಾಂಪೆಲಿಯೆ ತಂಡ ಮರಳಿದ್ದು 2024ರ ಜನವರಿಯಲ್ಲಿ, ‘ದ ಲಾಸ್ಟ್ ಕ್ರೌನ್’ ಮೂಲಕ. ಇಲ್ಲಿ ನಾಯಕ ಸಾರ್ಗಾನ್ ಎಂಬ ಯೋಧ. ಅಪಹೃತನಾದ ರಾಜಕುಮಾರನನ್ನು ಹುಡುಕುವುದು ಅವನ ಕೆಲಸ. ಸಂಭಾಷಣೆಯನ್ನು ಪರ್ಷಿಯನ್ ಭಾಷೆಯಲ್ಲೂ ಕೇಳಬಹುದು. ಹೆಸರಿನಲ್ಲೇ ಪರ್ಷಿಯಾ ಇದ್ದ ಆಟಕ್ಕೆ ಆ ನುಡಿ ದಕ್ಕಲು ಇಷ್ಟು ಕಾಲ ಹಿಡಿಯಿತು.

ನೋಟ ಮರಳಿದರೂ ಮೈಭಾರ ಮರಳಲಿಲ್ಲ. ಸಾರ್ಗಾನ್ ಗಾಳಿಯಲ್ಲೇ ಮತ್ತೊಮ್ಮೆ ನೆಗೆಯಬಲ್ಲ. ಹಳಬರಿಗೆ ಇದು ಮೋಸವೆನಿಸೀತು; ಆದರೆ ತಪ್ಪು ಹೆಜ್ಜೆಗೆ ಮೊನೆಗೂಟಗಳ ಶಿಕ್ಷೆ ಈಗಲೂ ತಪ್ಪಿದ್ದಲ್ಲ. ವಿಮರ್ಶಕರು ಕೊಂಡಾಡಿದರು. ಅದೇ ವರ್ಷ ಕಂಪನಿ ಆ ತಂಡವನ್ನು ಬೇರೆ ಬೇರೆ ಆಟಗಳ ಕೆಲಸಕ್ಕೆ ಹಂಚಿಹಾಕಿತು.