ಶಿಲುಬೆಯ ಗುರುತೂ ಭಟ್ಕಳದ ಬೆಂಕಿಯೂ

ಚರಿತ್ರೆಯ ತರಗತಿಯಲ್ಲಿ ಶಿಲುಬೆಯುದ್ಧಗಳ ಪಾಠವು ಬಂದಾಗ ನಾವು ೧೨೦೪ನೆಯ ಇಸವಿಯನ್ನು ಮರೆಮಾಡುವುದಿಲ್ಲ. ಯೆರೂಸಲೇಮಿಗೆಂದು ಹೊರಟ ಯೋಧರು ವೆನಿಸಿನವರ ಹಡಗುಸಾಲವನ್ನು ತೀರಿಸಲಾರದೆ ದಾರಿತಪ್ಪಿ, ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಮಾಡಿದರು. ೧೨೬೧ರಲ್ಲಿ ಗ್ರೀಕರು ಅದನ್ನು ಮರಳಿ ಪಡೆದರೂ ರಾಜ್ಯಕ್ಕೆ ಹಿಂದಿನ ಬಲವು ಬರಲಿಲ್ಲ. ೧೪೫೩ರಲ್ಲಿ ಅದು ತುರ್ಕರ ವಶವಾಯಿತು. ಪೂರ್ವ ಪಶ್ಚಿಮ ಸಭೆಗಳ ನಡುವಣ ಬಿರುಕು ಇಂದಿಗೂ ಮುಚ್ಚಿಲ್ಲ.

ಇದು ದೂರದ ಕಥೆಯಷ್ಟೇ ಅಲ್ಲ. ನಮ್ಮ ಅಘನಾಶಿನಿಯ ಸೀಮೆಗೂ ಶಿಲುಬೆಯ ಗುರುತಿನ ಹಾಯಿಗಳು ಬಂದವು. ೧೫೦೫ರಲ್ಲಿ ಪೋರ್ತುಗೀಸರು ಹೊನ್ನಾವರಕ್ಕೆ ಬೆಂಕಿಯಿಟ್ಟರು. ೧೫೪೨ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೋಜನು, ಕಪ್ಪವು ಬಾಕಿಯೆಂದು ರಾಣಿಯ ಭಟ್ಕಳವನ್ನು ಮುತ್ತಿದನು. ಸೂರೆಗಾಗಿ ಸೈನಿಕರು ತಮ್ಮತಮ್ಮಲ್ಲೇ ಕಾದಾಡಿ ಹಿಮ್ಮೆಟ್ಟಿದರು. ಮತ್ತೆ ಬಂದು ಊರನ್ನು ಸುಟ್ಟು, ತೋಪುಗಳನ್ನು ಕಡಿದರು. ಎರಡು ಕಡೆಯೂ ಗುರುತು ಕರ್ತನದು, ಕೆಲಸವು ಲೋಭದ್ದು.

೨೦೦೧ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಅಥೆನ್ಸಿನಲ್ಲಿ ಆ ಹಳೆಯ ಸೂರೆಗಾಗಿ ವಿಷಾದಪಟ್ಟರು. ತಪ್ಪೊಪ್ಪಿಗೆಗೆ ಸುಮಾರು ಎಂಟು ಶತಮಾನಗಳು ಬೇಕಾದವು!

ಪ್ರಿಯ ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಶಾಲೆಯ ಬಾಗಿಲ ಮೇಲೆಯೂ ಶಿಲುಬೆಯಿದೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಬಾಲಿಕೆಯರು ಅದರಡಿಯಲ್ಲಿ ಒಟ್ಟಿಗೆ ಓದುತ್ತಾರೆ. ಅವರೆದುರು ಈ ಪುಟವನ್ನು ಹಾರಿಸಿದರೆ, ನಮ್ಮ ಉಳಿದ ಪಾಠಗಳನ್ನು ಅವರು ನಂಬುವುದೆಂತು?