ಆಟ ತೆರೆಯದಿದ್ದಾಗ ಫೈಲಿನ ಹೆಸರನ್ನು ಓದಿ

ಕಂಪ್ಯೂಟರಿನಲ್ಲಿ ಆಟವೊಂದನ್ನು ಅಳವಡಿಸಿ, ಆಡಲು ಹೊರಟಾಗ ಆಟದ ಬದಲು ಪರದೆಯ ಮೇಲೆ ಒಂದು ಸಣ್ಣ ಚೌಕ ಮೂಡುವುದುಂಟು. ಇಂಥ ಹೆಸರಿನ ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲ, ಆದ್ದರಿಂದ ಪ್ರೋಗ್ರಾಮ್ ಆರಂಭವಾಗದು ಎಂಬುದು ಅದರ ಸಾರ. ಯಂತ್ರವೇ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ಆಟಕ್ಕೆ ಬೇಕಾದ ಒಂದು ಸಾಮಗ್ರಿ ಅಲ್ಲಿಲ್ಲ, ಅಷ್ಟೇ.

ಡಿಎಲ್‌ಎಲ್ ಎಂದರೆ ಡೈನಮಿಕ್ ಲಿಂಕ್ ಲೈಬ್ರರಿ. ಊರಿನ ದೇವಸ್ಥಾನದಲ್ಲಿ ದೊಡ್ಡ ಹಂಡೆ, ಕೊಪ್ಪರಿಗೆಗಳಿದ್ದರೆ ಪ್ರತಿ ಮದುವೆ ಮನೆಯವರೂ ಹೊಸದನ್ನು ಕೊಳ್ಳಬೇಕಿಲ್ಲ. ಹಾಗೆಯೇ ಚಿತ್ರ ಬಿಡಿಸುವ, ಲೆಕ್ಕ ಹಾಕುವ, ಆಟದ ಹಿಡಿಕೆಯ ಗುಂಡಿಗಳನ್ನು ಗುರುತಿಸುವ ಆದೇಶಗಳನ್ನು ಈ ಫೈಲುಗಳಲ್ಲಿ ಒಂದೆಡೆ ಇಟ್ಟಿರುತ್ತಾರೆ. ಅನೇಕ ಪ್ರೋಗ್ರಾಮುಗಳು ಅವನ್ನು ಹಂಚಿಕೊಂಡು ಬಳಸುತ್ತವೆ. ಆಟ ಶುರುವಾಗುವ ಕ್ಷಣದಲ್ಲಿ ವಿಂಡೋಸ್ ಅವುಗಳನ್ನು ಹುಡುಕುತ್ತದೆ. ಒಂದು ಸಿಗದಿದ್ದರೂ ಆಟ ಅಲ್ಲಿಗೇ ನಿಲ್ಲುತ್ತದೆ.

ಪರಿಹಾರದ ಸುಳಿವು ಫೈಲಿನ ಹೆಸರಿನಲ್ಲಿಯೇ ಇದೆ. ಅದು ಡಿ3ಡಿಎಕ್ಸ್9_43 ಅಥವಾ ಎಕ್ಸ್‌ಇನ್‌ಪುಟ್1_3 ಎಂದಿದ್ದರೆ ಕೊರತೆ ಇರುವುದು ಡೈರೆಕ್ಟ್‌ಎಕ್ಸ್‌ನಲ್ಲಿ. ಇದು ಮೈಕ್ರೋಸಾಫ್ಟ್ ಸಂಸ್ಥೆ 1995ರಲ್ಲಿ ಹೊರತಂದ ವ್ಯವಸ್ಥೆ. ವಿಂಡೋಸ್ 10 ಮತ್ತು 11ರಲ್ಲಿ ಡೈರೆಕ್ಟ್‌ಎಕ್ಸ್ 12 ಇದ್ದರೂ ಹಳೆಯ ಆಟಗಳು ಕೇಳುವ ಈ ಸಹಾಯಕ ಫೈಲುಗಳು ಅದರೊಂದಿಗೆ ಬರುವುದಿಲ್ಲ. ಅವು ಇರುವುದು ಅದೇ ಸಂಸ್ಥೆಯ 2010ರ ಜೂನ್ ತಿಂಗಳ ಡೈರೆಕ್ಟ್‌ಎಕ್ಸ್ ಪ್ಯಾಕೇಜಿನಲ್ಲಿ.

ಹೆಸರು ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಎಂದಿದ್ದರೆ ಬೇಕಾದದ್ದು ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜ್, 2015 ಮತ್ತು ನಂತರದ್ದು. ಕೊನೆಯ ಅಂಕಿ 100 ಆದರೆ 2010ರ ಪ್ಯಾಕೇಜ್, 120 ಆದರೆ 2013ರದು. ಹೊಸದು ಇದ್ದ ಮಾತ್ರಕ್ಕೆ ಹಳೆಯದರ ಕೆಲಸ ನಡೆಯದು. 64 ಬಿಟ್ ವಿಂಡೋಸ್‌ನಲ್ಲಿಯೂ 32 ಬಿಟ್ ಆಟಗಳಿಗೆ 32 ಬಿಟ್ ಫೈಲುಗಳೇ ಬೇಕು. ಆದ್ದರಿಂದ ಎರಡೂ ಬಗೆಯನ್ನು ಅಳವಡಿಸಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಣೆಯಾದ ಆ ಒಂದೇ ಫೈಲನ್ನು ಬಿಟ್ಟಿಯಾಗಿ ಕೊಡುತ್ತೇವೆನ್ನುವ ಅಂತರಜಾಲ ತಾಣಗಳು ಹಲವಿವೆ. ಡಿಎಲ್‌ಎಲ್ ಬರಿಯ ಮಾಹಿತಿಯಲ್ಲ, ಯಂತ್ರವು ಪಾಲಿಸುವ ಆದೇಶಗಳ ಕಟ್ಟು. ಅಪರಿಚಿತರು ಕೊಟ್ಟ ಕಟ್ಟಿನಲ್ಲಿ ಗುಪ್ತಪದಗಳನ್ನು ಕದಿಯುವ ಆದೇಶಗಳೂ ಅಡಗಿರಬಹುದು. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಾದರೆ ತಂದೆಯವರ ಬ್ಯಾಂಕ್ ವ್ಯವಹಾರ, ಅಕ್ಕನ ಪ್ರಾಜೆಕ್ಟ್ ವರದಿ ಎಲ್ಲಕ್ಕೂ ಅಪಾಯ. ಫೈಲು ನಿರಪಾಯವಾಗಿದ್ದರೂ ಆವೃತ್ತಿ ಬೇರೆಯಾಗಿದ್ದರೆ ಆಟ ತೆರೆಯದು. ಆದುದರಿಂದ ಬಿಡಿ ಫೈಲು ಬೇಡ. ತಯಾರಿಸಿದ ಸಂಸ್ಥೆಯ ತಾಣದಿಂದಲೇ ಪೂರ್ಣ ಪ್ಯಾಕೇಜನ್ನು ಪಡೆಯಿರಿ.

ಕೆಲವೊಮ್ಮೆ ಕಾಣೆಯಾದದ್ದು ಆಟದ್ದೇ ಸ್ವಂತ ಫೈಲಾಗಿರುತ್ತದೆ. ಸ್ಟೀಮ್‌ನಂಥ ಮಳಿಗೆಯಿಂದ ಪಡೆದ ಆಟವಾದರೆ ಅದರ ಫೈಲುಗಳನ್ನು ಪರಿಶೀಲಿಸಿ, ಕೊರತೆಯಾದುದನ್ನು ಮತ್ತೆ ತರುವ ಸೌಲಭ್ಯ ಅಲ್ಲಿಯೇ ಇದೆ. ವೈರಸ್ ನಿರೋಧಕವು ಫೈಲನ್ನು ಬೇರ್ಪಡಿಸಿಟ್ಟಿದೆಯೇ ಎಂಬುದನ್ನೂ ನೋಡಿ. ಕದ್ದ ಪ್ರತಿಯ ಆಟವಾದರೆ ಆ ಫೈಲನ್ನು ಮರಳಿ ತರುವ ಗೋಜಿಗೆ ಹೋಗಬೇಡಿ, ನಿರೋಧಕದ ಅನುಮಾನ ನಿಜವಿರಬಹುದು.

ವಿಂಡೋಸ್‌ನ ಮೂಲ ಫೈಲುಗಳೇ ಕೆಟ್ಟಿದ್ದರೆ ಅವನ್ನು ಸರಿಪಡಿಸಲು ಸಿಸ್ಟಮ್ ಫೈಲ್ ಚೆಕರ್ ಎಂಬ ಉಪಕರಣ ವ್ಯವಸ್ಥೆಯೊಳಗೇ ಇದೆ. ಆದರೆ ಮೇಲೆ ಹೇಳಿದ ಪ್ಯಾಕೇಜುಗಳನ್ನು ಅದು ತಂದುಕೊಡುವುದಿಲ್ಲ. ಆದ್ದರಿಂದ ಚೌಕವನ್ನು ಮುಚ್ಚುವ ಮೊದಲು ಫೈಲಿನ ಹೆಸರನ್ನು ತಪ್ಪಿಲ್ಲದೆ ಬರೆದಿಟ್ಟುಕೊಳ್ಳಿ. ಯಾವ ದಾರಿ ಹಿಡಿಯಬೇಕೆಂಬುದನ್ನು ಆ ಹೆಸರೇ ತಿಳಿಸುತ್ತದೆ.